ಹಿತ್ತಲ ಮಾತು

ಬೆಟಗೇರಿಯ ನಮ್ಮ ಓಣಿಯಲ್ಲಿ ಗಿಡಬಳ್ಳಿ ಬೆಳೆಸುವವರ ಮಾತು ಮಳೆಯಿಂದಲೇ ಮೊದಲಾಗುತ್ತದೆ. ಆಷಾಢದ ಗಾಳಿ ಎಳೆಯ ಬಳ್ಳಿಯನ್ನು ನಿಲ್ಲಗೊಡದು. ಎರೆಭೂಮಿಯ ಈ ಸೀಮೆಗೆ ಹಿಂಗಾರೇ ಆಸರೆ. ಉತ್ತರಿ, ಹಸ್ತ, ಚಿತ್ತಿಗಳ ಹೊತ್ತಿಗೆ ಶಿರಹಟ್ಟಿ, ಮುಂಡರಗಿಯ ಬೀಗರು ದೂರವಾಣಿಯಲ್ಲಿ ಕ್ಷೇಮಕ್ಕಿಂತ ಮೊದಲು, "ನಿಮ್ಮ ಕಡೆ ಹನಿ ಬಿತ್ತೇನ್ರಿ?" ಎಂದೇ ವಿಚಾರಿಸುವರು. ಇದನ್ನು ಬರಿಯ ಹರಟೆಯೆಂದು ತಿಳಿದವರುಂಟು, ನನಗೆ ಹಾಗೆನಿಸದು. ಮನೆಯ ಮಾತು ಮಳೆಯ ಮರೆಯಲ್ಲಿಯೇ ಹೊರಬರುವುದು.

ಕಳೆದ ವರುಷ ಮಡದಿಯನ್ನು ಕಳೆದುಕೊಂಡ ನೆರೆಯ ಹಿರಿಯರು ತಮ್ಮ ದುಃಖವನ್ನು ಎಂದೂ ಆಡಿದವರಲ್ಲ. ಹಸ್ತದ ಮಳೆ ಕೈಕೊಟ್ಟ ಮಾತಿನ ನಡುವೆ ಒಮ್ಮೆ, ಆಕೆ ಹೂ ಬಿಡಿಸುತ್ತಿದ್ದ ಹೊತ್ತಿಗೆ ಬೆಕ್ಕು ಇಂದಿಗೂ ಮಲ್ಲಿಗೆಯ ಬುಡದಲ್ಲಿ ಬಂದು ಕೂಡುವುದೆಂದರು. ತುಂಗಭದ್ರೆಯ ನೀರು ನಳಕ್ಕೆ ಬರಲು ದಿನಗಟ್ಟಲೆ ಕಾಯುವ ಊರಿದು. ಬಳ್ಳಿಗೆ ನೀರು ಸಾಲುವುದೇ ಎಂದು ಕೇಳಿದೆ.

"ಕುಡಿಯೂ ನೀರಾಗ ಒಂದ ತಂಬಿಗಿ ಉಳಸತೇನ್ರಿ, ಶಾಸ್ತ್ರಿಗಳ. ಬಳ್ಳಿ ಒಣಗಿದರ ಅದು ಎಲ್ಲಿ ಕುಂಡರಬೇಕು?"