ಕಂಪ್ಯೂಟರಿಗೊಂದು ಟ್ಯಾಂಕು

10 ಮಾರ್ಚ್ 2024, ಭಾನುವಾರ

ಪಂಪಿನ ಗುಳುಗುಳು ಮತ್ತೆ ಶುರುವಾಗಿದೆ. ರಾತ್ರಿ ಸಾಕ್ಷ್ಯಚಿತ್ರವನ್ನು ರೆಂಡರಿಗೆ ಹಾಕಿ ಮಲಗಿದರೆ, ಪಕ್ಕದ ಕೋಣೆಯಲ್ಲಿ ಯಾರೋ ಬಾಯಿ ಮುಕ್ಕಳಿಸುತ್ತಿರುವ ಹಾಗೆ ಸದ್ದು. ಒಳಗೆ ಗಾಳಿ ಸಿಕ್ಕಿಕೊಂಡಿದೆ, ಅನುಮಾನವೇ ಇಲ್ಲ. ಕಂಪ್ಯೂಟರನ್ನು ನೀರಿನಿಂದ ತಂಪಾಗಿಡುವ ಈ ಲೂಪಿಗೆ ಟ್ಯಾಂಕಿಲ್ಲ. ಕೇಸಿನಲ್ಲಿ ಜಾಗ ಕಮ್ಮಿ ಅಂತ ಟಿ-ಲೈನ್ ಹಾಕಿ ಕಟ್ಟಿದ್ದು: ಪಂಪಿಗೆ ಹೋಗುವ ಟ್ಯೂಬಿಗೆ ಮೇಲ್ಮುಖವಾಗಿ ಒಂದು ಕವಲು, ಅದರ ತುದಿಗೊಂದು ಮುಚ್ಚಳ. ನೀರು ತುಂಬುವುದಕ್ಕೂ ಅದೇ ಬಾಯಿ, ಗಾಳಿ ಹೊರಡುವುದಕ್ಕೂ ಅದೇ ಬಾಯಿ. ಬೆರಳು ದಪ್ಪದ ಆ ಕವಲಿಗೆ ಗುಳ್ಳೆ ಏರುವಷ್ಟರಲ್ಲಿ ಹರಿವು ಅದನ್ನು ಎಳೆದುಕೊಂಡು ಹೋಗಿಬಿಡುತ್ತದೆ. ಸಾಲದ್ದಕ್ಕೆ ರಬ್ಬರು, ಪ್ಲಾಸ್ಟಿಕ್ ಟ್ಯೂಬಿನ ಗೋಡೆಯ ಮೂಲಕವೂ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪ ನೀರು ಆವಿಯಾಗಿ ಹೋಗುತ್ತಿರುತ್ತದೆ. ಕಳೆದ ನೀರಿನ ಜಾಗಕ್ಕೆ ಗಾಳಿ.

ಟ್ಯಾಂಕು ಹಾಕುವುದೇ ಸರಿ. ಮಗಳದು ಒಂದೇ ಷರತ್ತು: ನೀರಿಗೆ ಬಣ್ಣ ಇರಬೇಕು.

ಅಮ್ಮ ಕೇಳಿಸಿಕೊಂಡರು. ಬೋರ್‌ವೆಲ್ ಕೈಕೊಟ್ಟ ಮೇಲೆ ನಮ್ಮ ಬೀದಿಯಲ್ಲಿ ಟ್ಯಾಂಕರಿನ ದಾರಿ ಕಾಯುವುದೇ ಕೆಲಸ. ಮೊನ್ನೆ ತಾನೇ ಜಲಮಂಡಳಿಯ ಆದೇಶ ಬಂದಿದೆ: ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ತೋಟಕ್ಕೆ ಬಿಟ್ಟರೆ, ಕಾರಂಜಿ ಹಾರಿಸಿದರೆ 5,000 ರೂಪಾಯಿ ದಂಡ. "ನಿಂದು ಕಾರಂಜಿ ಲೆಕ್ಕಕ್ಕೆ ಬರುತ್ತೋ ಏನೋ, ಮೊದಲು ವಿಚಾರಿಸ್ಕೊ" ಅಂದರು.

16 ಮಾರ್ಚ್, ಶನಿವಾರ

ಎಸ್.ಪಿ. ರಸ್ತೆ. ಸದರ್ ಪತ್ರಪ್ಪ ರಸ್ತೆ ಅಂತ ಪೂರ್ತಿ ಹೆಸರು ಹೇಳಿದರೆ ಆಟೋದವರೂ ಒಂದು ಗಳಿಗೆ ಯೋಚಿಸುತ್ತಾರೆ. ಕೇಬಲ್ಲು, ಕ್ಯಾಬಿನೆಟ್ಟು, ಕೈಗಾಡಿ, ಎಲ್ಲದರ ನಡುವೆ ನುಸುಳಿ ಮಹಡಿಯ ಮೇಲಿನ ಅಂಗಡಿ ತಲುಪುವಷ್ಟರಲ್ಲಿ ಅಂಗಿ ಒದ್ದೆ.

250 ಮಿಲಿಲೀಟರಿನ ಅಕ್ರಿಲಿಕ್ ಟ್ಯಾಂಕು ಸಿಕ್ಕಿತು. ಉದ್ದನೆಯ ಕೊಳವೆ, ಎರಡೂ ಕಡೆ ಕಪ್ಪು ಮುಚ್ಚಳ, ಕೆಳಗೆ ಮೂರು ತೂತು, ಮೇಲೊಂದು. ಎಲ್ಲಕ್ಕೂ ಜಿ ಕಾಲಿಂಚಿನ ಮರೆ, ಹಾಗಾಗಿ ನನ್ನ ಹಳೇ ಫಿಟ್ಟಿಂಗುಗಳೇ ಕೂರುತ್ತವೆ.

ಬಣ್ಣದ ವಿಷಯಕ್ಕೆ ಬಂದಾಗ ಅಂಗಡಿಯವನು ಹಾಲಿನಂಥ ಗಟ್ಟಿ ಕೂಲೆಂಟು ತೋರಿಸಿದ. "ಸಾರ್, ಈಗ ಎಲ್ರೂ ಇದನ್ನೇ ಒಯ್ಯೋದು, ಫೋಟೋಗೆ ಸೂಪರ್." ಫೋಟೋಗೆ ಸೂಪರ್ರೇ. ಆದರೆ ಅದರ ಆ ಗಟ್ಟಿತನ ಬರುವುದು ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳಿಂದ. ಪ್ರೊಸೆಸರಿನ ಮೇಲೆ ಕೂರುವ ತಾಮ್ರದ ಬ್ಲಾಕಿನೊಳಗೆ ನೀರು ಹರಿಯುವ ಸಂದುಗಳು ಅರ್ಧ ಮಿಲಿಮೀಟರಿಗಿಂತ ಕಿರಿದು. ಹರಿವು ನಿಧಾನವಾದಲ್ಲಿ ಕಣ ಕೆಳಗೆ ಕೂರುತ್ತದೆ, ಕೂತದ್ದರ ಮೇಲೆ ಇನ್ನಷ್ಟು ಕೂರುತ್ತದೆ. ಶೋಕಿಗೆಂದು ಬ್ಲಾಕು ಬಿಚ್ಚಿ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುವ ಪುರುಸೊತ್ತು ನನಗಿಲ್ಲ. ಬೇಡವೆಂದೆ.

ಉಳಿದದ್ದು ನೀರಿನಲ್ಲಿ ಪೂರ್ತಿ ಕರಗುವ, ಹನಿ ಲೆಕ್ಕದ ಡೈ. ಕತ್ತಲಲ್ಲಿ ಯುವಿ ದೀಪಕ್ಕೆ ಉರಿಯುವ ಹಸಿರು ಇತ್ತು, ನೀಲಿ ಇತ್ತು, ಕೆಂಪಿತ್ತು. ಮಗಳು ಹೇಳಿದ್ದು ನೀಲಿ. ತಂದದ್ದು ಕೆಂಪು. ಕಾರಣ ಇದೆ. ತಾಮ್ರ ಕೊರೆಯಲು ಶುರುವಾದರೆ ನೀರು ನೀಲಿ-ಹಸಿರಿಗೆ ತಿರುಗುತ್ತದೆ. ಪಾಚಿ ಕಟ್ಟಿದರೆ ಹಸಿರಾಗುತ್ತದೆ. ಮೊದಲೇ ಹಸಿರು, ನೀಲಿ ಸುರಿದಿದ್ದರೆ ಕಾಯಿಲೆಯ ಲಕ್ಷಣವೇ ಮುಚ್ಚಿಹೋಗುತ್ತದೆ. ಕೆಂಪಿಗೂ ಒಂದು ದೋಷವಿದೆ: ಟ್ಯೂಬಿಗೆ ಕಲೆ ಹಿಡಿಸುವುದರಲ್ಲಿ ಅದು ಎತ್ತಿದ ಕೈ. ಕಲೆ ಇರಲಿ.

ಬಾಟಲಿಯ ಮೇಲೆ ‘ವಿದ್ಯುತ್ ಹರಿಸುವುದಿಲ್ಲ’ ಅಂತ ದೊಡ್ಡದಾಗಿ ಅಚ್ಚಾಗಿದೆ. ಶುದ್ಧ ನೀರೂ ಹೊಸತರಲ್ಲಿ ಹರಿಸುವುದು ಅತ್ಯಲ್ಪವೇ. ಲೋಹದ ಮೇಲೆ ತಿರುಗುತ್ತ ತಿರುಗುತ್ತ ಅಯಾನು ಹೊತ್ತುಕೊಳ್ಳುತ್ತದೆ, ಆಮೇಲೆ ಲೇಬಲ್ಲಿನ ಮಾತು ನಡೆಯುವುದಿಲ್ಲ.

17 ಮಾರ್ಚ್, ಭಾನುವಾರ

ತಮ್ಮ ಫೋನ್ ಮಾಡಿದ್ದ. "ಟ್ಯಾಂಕ್ ಹಾಕಿದ್ರೆ ಎಷ್ಟು ಡಿಗ್ರಿ ಇಳಿಯುತ್ತೆ?" ಒಂದೂ ಇಳಿಯುವುದಿಲ್ಲ ಅಂದರೆ ನಂಬಲಿಲ್ಲ. ಕೂತು ಲೆಕ್ಕ ಹಾಕಿ ಕಳಿಸಿದೆ, ಇಲ್ಲೂ ಬರೆದಿಡುತ್ತೇನೆ.

ಪ್ರೊಸೆಸರು ರೈಜನ್ 9 5900ಎಕ್ಸ್, ಪೂರ್ತಿ ದುಡಿದಾಗ 142 ವ್ಯಾಟ್. ಗ್ರಾಫಿಕ್ಸ್ ಕಾರ್ಡು ಆರ್‌ಟಿಎಕ್ಸ್ 3080, ಅದರದು 320. ಒಟ್ಟು 460ರ ಆಸುಪಾಸು. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 4,180 ಜೂಲ್ ಬೇಕು. ಟ್ಯಾಂಕಿನಲ್ಲಿ ಹೆಚ್ಚುವರಿಯಾಗಿ ಬರುವುದು ಕಾಲು ಕಿಲೋ ನೀರು. ಅದು 15 ಡಿಗ್ರಿ ಕಾಯುವಾಗ ಒಳಗಿಟ್ಟುಕೊಳ್ಳುವ ಶಾಖ ಸುಮಾರು 15,700 ಜೂಲ್. 460 ವ್ಯಾಟಿನ ಯಂತ್ರಕ್ಕೆ ಅದು 34 ಸೆಕೆಂಡಿನ ದುಡಿಮೆ. ಇಷ್ಟೇ. ದುಡ್ಡು ಕೊಟ್ಟು ತಂದ ಟ್ಯಾಂಕು ತಾಪದ ಲೆಕ್ಕದಲ್ಲಿ ನನಗೆ ಕೊಡುವುದು ಅರ್ಧ ನಿಮಿಷದ ಸಾವಕಾಶ. ಶಾಖವನ್ನು ಕೇಸಿನಿಂದ ಆಚೆ ತಳ್ಳುವುದು ರೇಡಿಯೇಟರು ಮತ್ತು ಫ್ಯಾನು, ಬೇರೆ ಯಾವುದೂ ಅಲ್ಲ.

ಹಾಗಾದರೆ ಟ್ಯಾಂಕೇಕೆ? ಅಗಲದ ಕೊಳವೆಗೆ ಬಂದ ಕೂಡಲೇ ನೀರಿನ ವೇಗ ತಗ್ಗುತ್ತದೆ, ಗುಳ್ಳೆಗೆ ಮೇಲೇರಲು ವ್ಯವಧಾನ ಸಿಗುತ್ತದೆ. ಪಂಪಿನ ಬಾಯಿ ಯಾವಾಗಲೂ ನೀರಿನಲ್ಲಿ ಮುಳುಗಿರುತ್ತದೆ. ನನ್ನದು ಡಿ5 ಪಂಪು. ಅದರ ಬೇರಿಂಗಿಗೆ ಎಣ್ಣೆಯಿಲ್ಲ, ಹರಿಯುವ ನೀರೇ ಎಣ್ಣೆ. ಒಣಗಿದರೆ ಸುಟ್ಟಿತು.

ನೋಡಲು ಚೆಂದ ಎನ್ನುವ ಕಾರಣವನ್ನೂ ತಳ್ಳಿಹಾಕುವ ಹಾಗಿಲ್ಲ. 1985ರ ಕ್ರೇ-2 ಸೂಪರ್‌ಕಂಪ್ಯೂಟರಿನಲ್ಲಿ ಸರ್ಕಿಟ್ ಬೋರ್ಡುಗಳೆಲ್ಲ ಫ್ಲೋರಿನರ್ಟ್ ಎಂಬ ದ್ರವದಲ್ಲಿ ಮುಳುಗಿದ್ದವು. ಆ ದ್ರವ ಪಾರದರ್ಶಕ ಗೋಪುರದಲ್ಲಿ ನೊರೆಯೆದ್ದು ಇಳಿಯುವುದು ಹೊರಗೆ ನಿಂತವರಿಗೂ ಕಾಣುತ್ತಿತ್ತು. ಜನ ಆ ಯಂತ್ರವನ್ನು ‘ಬಬಲ್ಸ್’ ಅಂತಲೇ ಕರೆದರು. ಅದನ್ನು ಕಟ್ಟಿದ ಸೀಮೋರ್ ಕ್ರೇ ಅಂಥವನಿಗೇ ಈ ಶೋಕಿ ಇದ್ದ ಮೇಲೆ ನನ್ನ ಮಗಳದೇನು ತಪ್ಪು?

23 ಮಾರ್ಚ್, ಶನಿವಾರ

ಹಳೇ ನೀರು ಇಳಿಸಿದ್ದಾಯಿತು. ಬಕೆಟ್ಟಿನಲ್ಲಿ ಅದನ್ನು ಕಂಡು ಅಮ್ಮ ತುಳಸಿಗೆ ಹಾಕಲು ಹೊರಟರು. ಪಾಚಿ ತಡೆಯುವ ಬಯೋಸೈಡ್ ಇದೆ, ತಾಮ್ರವೂ ಸೇರಿರುತ್ತದೆ, ತುಳಸಿ ಉಳಿಯುವುದಿಲ್ಲ ಅಂದೆ. "ಒಂದು ಗಿಡಕ್ಕೂ ಬಾರದ ನೀರು" ಎಂದು ಗೊಣಗುತ್ತ ಕಮೋಡಿಗೆ ಸುರಿದರು. ಒಂದು ಫ್ಲಶ್ ಉಳಿಯಿತು.

ಟ್ಯಾಂಕು ರೇಡಿಯೇಟರಿನ ಪಕ್ಕದಲ್ಲಿ ನಿಂತಿದೆ, ಪಂಪು ಅದರ ನೇರ ಕೆಳಗೆ. ಅಕ್ರಿಲಿಕ್ಕಿಗೆ ಸ್ಪಿರಿಟ್ ತಾಕಿಸಬಾರದು, ಕೂದಲೆಳೆ ಬಿರುಕು ಬಿಡುತ್ತದೆ. ಹಾಗಾಗಿ ಬರೀ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಫಿಟ್ಟಿಂಗಿಗೆ ಸ್ಪ್ಯಾನರಿಲ್ಲ, ಕೈಬಿಗಿ ಮಾತ್ರ. ನೀರು ತಡೆಯುವುದು ಮರೆಯಲ್ಲ, ಓ-ರಿಂಗು.

ಡಿಸ್ಟಿಲ್ಡ್ ವಾಟರಿನ ಕ್ಯಾನು ಲ್ಯಾಬ್ ಸಾಮಾನಿನ ಅಂಗಡಿಯದು. ನಮ್ಮ ನಲ್ಲಿಯ ಬಾಯಿಗೆ ಕಟ್ಟಿರುವ ಬಿಳಿ ಗರಣೆ ನೋಡಿದವರಾರೂ ಬೋರ್ ನೀರನ್ನು ಬ್ಲಾಕಿಗೆ ಬಿಡುವುದಿಲ್ಲ. ಒಂದು ಜಗ್ಗಿನಲ್ಲಿ ನೀರು ತೆಗೆದುಕೊಂಡು ಮಗಳ ಕೈಗೆ ಡ್ರಾಪರ್ ಕೊಟ್ಟೆ. ನೀಲಿ ಅಲ್ಲವೆಂಬ ಮುನಿಸು ಮೊದಲ ಹನಿಯವರೆಗೆ. ಹನಿ ತಳ ಮುಟ್ಟುವ ತನಕ ಕೆಂಪು ದಾರವಾಗಿ ಇಳಿಯಿತು, ಅಲ್ಲಿ ಸುರುಳಿ ಬಿಚ್ಚಿ ಹೊಗೆಯಾಯಿತು, ಚಮಚ ಆಡಿಸುವ ಮೊದಲೇ ಅರ್ಧ ಜಗ್ಗು ಗುಲಾಬಿ. ಇನ್ನಷ್ಟು ಎಂದಳು. ದಾಳಿಂಬೆ ರಸದ ಬಣ್ಣ ಬಂದಾಗ ಬಾಟಲಿ ಕಿತ್ತುಕೊಂಡೆ.

ಪವರ್ ಸಪ್ಲೈಯ 24 ಪಿನ್ನಿನ ಪ್ಲಗ್ಗು ಬಿಚ್ಚಿ, 16ನೇ ಪಿನ್ನನ್ನು ಪಕ್ಕದ ಗ್ರೌಂಡಿಗೆ ಸೇರಿಸಿದರೆ ಬೋರ್ಡಿಗೆ ಕರೆಂಟಿಲ್ಲದೆ ಪಂಪು ಮಾತ್ರ ಓಡುತ್ತದೆ. ಕೆಂಪು ನೀರು ಟ್ಯೂಬಿನಲ್ಲಿ ಮುನ್ನುಗ್ಗಿದ್ದು, ಟ್ಯಾಂಕಿನ ಮಟ್ಟ ಸರ್ರನೆ ಇಳಿದದ್ದು, ಪಂಪು ಆರಿಸಿ ತುಂಬಿ ಮತ್ತೆ ಹಚ್ಚಿದ್ದು. ಬರೀ ನೀರಿದ್ದಾಗ ಎಲ್ಲಿ ಗಾಳಿ, ಎಲ್ಲಿ ನೀರು ಅಂತ ಟಾರ್ಚು ಹಿಡಿದು ಹುಡುಕಬೇಕಿತ್ತು. ಈಗ ಪ್ರತಿ ಗುಳ್ಳೆಯೂ ಎದ್ದು ಕಾಣುತ್ತದೆ. ಕೇಸನ್ನು ಎಡಕ್ಕೆ ಬಲಕ್ಕೆ ಓಲಿಸಿದರೆ ರೇಡಿಯೇಟರಿನಿಂದ ಹಿಂಡುಗಟ್ಟಿ ಹೊರಬರುತ್ತವೆ.

ಪ್ರತಿ ಫಿಟ್ಟಿಂಗಿನ ಕೆಳಗೂ ಬಿಳಿ ಟಿಶ್ಯೂ ಮಡಿಸಿಟ್ಟು ಮಲಗುತ್ತೇನೆ.

24 ಮಾರ್ಚ್, ಭಾನುವಾರ

ಬೆಳಿಗ್ಗೆ ನೋಡಿದರೆ ಡ್ರೈನ್ ವಾಲ್ವಿನ ಕೆಳಗಿನ ಟಿಶ್ಯೂ ಮೇಲೆ ಗುಲಾಬಿ ವೃತ್ತ, ಹತ್ತು ಪೈಸೆಯಗಲವೂ ಇಲ್ಲ. ಮುಟ್ಟಿದರೆ ಒಣಗಿತ್ತು. ರಾತ್ರಿ ಯಾವಾಗಲೋ ಒಂದು ಹನಿ ಬಿದ್ದು ಆರಿದೆ. ಬರೀ ನೀರಾಗಿದ್ದರೆ ಗುರುತೂ ಉಳಿಯುತ್ತಿರಲಿಲ್ಲ; ಪರೀಕ್ಷೆ ಪಾಸು ಅಂತ ಬೋರ್ಡಿಗೆ ಕರೆಂಟು ಕೊಟ್ಟುಬಿಡುತ್ತಿದ್ದೆ. ವಾಲ್ವಿನ ಹಳೇ ಓ-ರಿಂಗು ಗಡುಸಾಗಿ ಒಂದು ಕಡೆ ಚಪ್ಪಟೆಯಾಗಿತ್ತು. ಹೊಸದು ಹಾಕಿ, ಹೊಸ ಟಿಶ್ಯೂ ಇಟ್ಟು, ಮತ್ತೆ 24 ಗಂಟೆ ಪಂಪು ಓಡಲಿ ಅಂತ ಬಿಟ್ಟಿದ್ದೇನೆ.

ಬಣ್ಣದ ನಿಜವಾದ ಕಸುಬು ಇದೇ. ಅಂಗಡಿಯಲ್ಲಿ ಕಂಡ ಯುವಿ ಹಸಿರಿನ ಜಾತಿಯದೇ ಫ್ಲೋರಸೀನ್. ಅಡಾಲ್ಫ್ ಫಾನ್ ಬಾಯರ್ 1871ರಲ್ಲಿ ತಯಾರಿಸಿದ್ದು. ಕಣ್ಣಿನ ಡಾಕ್ಟರು ಕರಿಗುಡ್ಡೆಯ ಗೀರು ನೋಡಲು ಹಚ್ಚುವುದೂ ಅದನ್ನೇ. ಜರ್ಮನಿಯ ಇಮ್ಮೆಂಡಿಂಗನ್ ಬಳಿ ಡ್ಯಾನ್ಯೂಬ್ ನದಿಯ ನೀರು ನೆಲದೊಳಗೆ ಇಂಗಿ ಮಾಯವಾಗುತ್ತದೆ. 1877ರಲ್ಲಿ ಅಲ್ಲಿ ಈ ಬಣ್ಣ ಸುರಿದರು. ಎರಡು ಮೂರು ದಿನಕ್ಕೆ, ಅಲ್ಲಿಂದ ಹತ್ತು ಮೈಲಿಯೂ ದೂರವಿಲ್ಲದ ಆಖ್ ಬುಗ್ಗೆ ಹಸಿರಾಗಿ ಚಿಮ್ಮಿತು. ಆ ಬುಗ್ಗೆಯ ನೀರು ಸೇರುವುದು ರೈನ್ ನದಿಯನ್ನು. ಒಂದು ನದಿ ಇನ್ನೊಂದಕ್ಕೆ ಸೋರುತ್ತಿದ್ದದ್ದು ಹಾಗೆ ಸಿಕ್ಕಿಬಿದ್ದಿತು.

9 ಏಪ್ರಿಲ್, ಮಂಗಳವಾರ, ಯುಗಾದಿ

ಹೋಳಿಗೆ. ಕಂಪ್ಯೂಟರ್ ಹಚ್ಚಲಿಲ್ಲ. ಮಳೆಯಿಲ್ಲ.

28 ಏಪ್ರಿಲ್, ಭಾನುವಾರ

ಬೆಂಗಳೂರಿನಲ್ಲಿ ಇವತ್ತು 38.5 ಡಿಗ್ರಿ. ಈ ತಿಂಗಳಿಡೀ ಒಂದು ಹದ ಮಳೆಯಿಲ್ಲ. ಕೋಣೆಯೊಳಗೆ 35. ಸಾಕ್ಷ್ಯಚಿತ್ರದ ಕೊನೆಯ ರೆಂಡರು ಮಧ್ಯಾಹ್ನವೇ ಹಾಕಬೇಕಾಯಿತು. ಟ್ಯಾಂಕಿನ ತೂತಿಗೆ ಕೂರಿಸಿದ ಸೆನ್ಸರಿನಲ್ಲಿ ನೀರು 46. ಮಾರ್ಚಿನಲ್ಲಿ ಕೋಣೆ 31 ಇದ್ದಾಗ 42 ಇತ್ತು. ಎರಡು ಸಲವೂ ಅಂತರ 11 ಡಿಗ್ರಿ, ಟ್ಯಾಂಕಿಗಿಂತ ಮುಂಚೆಯೂ ಅಷ್ಟೇ. ತಮ್ಮನಿಗೆ ಈ ಅಂಕಿಗಳನ್ನೂ ಕಳಿಸಿದೆ. ಹೆಬ್ಬೆಟ್ಟಿನ ಚಿತ್ರ ಬಂತು.

ಬದಲಾದದ್ದು ಬೇರೆ. ಫ್ಯಾನುಗಳು ಈಗ ಪ್ರೊಸೆಸರಿನ ಬದಲು ನೀರಿನ ತಾಪ ನೋಡಿ ಓಡುತ್ತವೆ. ಒಂದು ಕ್ಲಿಪ್ಪು ತೆರೆದ ಕೂಡಲೇ ಭರ್ರೆಂದು ಎದ್ದು ಮರುಕ್ಷಣ ಕೂರುವ ಚಾಳಿ ಹೋಗಿದೆ. ಏರಿದರೂ ನಿಧಾನ, ಇಳಿದರೂ ನಿಧಾನ. ಬಾಯಿ ಮುಕ್ಕಳಿಸುವ ಸದ್ದೂ ಇಲ್ಲ.

5 ಮೇ, ಭಾನುವಾರ

ಅಂತೂ ಮಳೆ ಬಂತು. ಶುಕ್ರವಾರದ್ದು ಜೋರೇ.

ಪಂಪಿನ ಹತ್ತಿರದ ಟ್ಯೂಬು ಒಳಗಿನಿಂದ ನಸುಗುಲಾಬಿಯಾಗಿದೆ, ಇನ್ನು ಅದು ಹೋಗುವುದಿಲ್ಲ. ದೀಪದ ಕಡೆಗಿರುವ ಭಾಗದಲ್ಲಿ ನೀರಿನ ಕೆಂಪು ಒಂದು ಪಾಲು ಕಮ್ಮಿಯಾದ ಹಾಗಿದೆ. ಮಗಳ ಗೆಳತಿಯರು ನೋಡಿ ಹೋಗಿದ್ದಾರೆ. ಅದರ ಕೆಲಸ ಅಲ್ಲಿಗೂ ಆಯಿತು.

ಟ್ಯಾಂಕಿಗೆ ಕೊಟ್ಟ ದುಡ್ಡು ದಂಡವಲ್ಲ, ಲೂಪು ಕಟ್ಟುವವರು ಯಾರೇ ಕೇಳಿದರೂ ಮೊದಲು ಅದನ್ನೇ ಹೇಳುತ್ತೇನೆ. ಬಣ್ಣ ಸೋರಿಕೆ ಪರೀಕ್ಷೆಯವರೆಗೆ ಬೇಕು, ಆಮೇಲೆ ಬರೀ ಅಲಂಕಾರ. ಮುಂದಿನ ಮಾರ್ಚಿನಲ್ಲಿ ನೀರು ಬದಲಿಸುವಾಗ ಡಿಸ್ಟಿಲ್ಡ್ ವಾಟರ್ ಮತ್ತು ಬಯೋಸೈಡ್ ಮಾತ್ರ. ಮಗಳಿಗೆ ನೀಲಿಯೇ ಬೇಕೆಂದರೆ ಟ್ಯಾಂಕಿನ ಹಿಂದೆ ಒಂದು ಎಲ್‌ಇಡಿ ಪಟ್ಟಿ ಅಂಟಿಸಿದರಾಯಿತು. ಆ ಬಣ್ಣ ಬ್ಲಾಕಿನೊಳಗೆ ಹೋಗುವುದಿಲ್ಲ.