ಪರೀಕ್ಷೆಯ ಹಿಂದಿನ ರಾತ್ರಿ ಎಲ್ಲಿ ಮಲಗುವುದು?

ಹೊಸದುರ್ಗದ ಆ ಟೈಲರ್ ಪಾಲಿಗೆ ಬೆಂಗಳೂರು ಅಂದರೆ ಮೆಜೆಸ್ಟಿಕ್. ವರ್ಷಕ್ಕೆರಡು ಸಲ ಲೈನಿಂಗ್ ಬಟ್ಟೆ, ದಾರ, ಗುಂಡಿ ತರಲೆಂದು ಚಿಕ್ಕಪೇಟೆಗೆ ಬರುವುದು, ಹೊತ್ತಾದರೆ ಬಸ್ ನಿಲ್ದಾಣದ ಎದುರಿನ ಯಾವುದಾದರೊಂದು ಲಾಡ್ಜಿನಲ್ಲಿ ತಲೆ ಊರುವುದು, ಬೆಳಗಿನ ಮೊದಲ ಬಸ್ಸಿಗೆ ಊರು ಸೇರುವುದು. ಇಪ್ಪತ್ತು ವರ್ಷಗಳಿಂದ ಇಷ್ಟೇ. ಅದರಾಚೆ ಬೆಂಗಳೂರಿನಲ್ಲಿ ಇನ್ನೊಂದು ಬೆಂಗಳೂರು ಬೆಳೆಯುತ್ತಿದೆ ಎಂಬುದು ಅವರಿಗೆ ಪೇಪರಿನಲ್ಲಿ ಓದಿ ಗೊತ್ತಿತ್ತೇ ಹೊರತು ಕಾಲಿಗೆ ಗೊತ್ತಿರಲಿಲ್ಲ.

ಅವರದೇನೂ ತಪ್ಪಲ್ಲ. ಊರಿಂದ ಬಂದವರು ನಿಲ್ದಾಣದ ಮಗ್ಗುಲಲ್ಲೇ ತಂಗುವುದು ನಮ್ಮ ನಾಡಿನ ಹಳೆಯ ರೂಢಿ. ಗುಬ್ಬಿ ತೋಟದಪ್ಪನವರ ಛತ್ರ 1903ರಲ್ಲಿ ತೆರೆದದ್ದೂ ರೈಲು ನಿಲ್ದಾಣಕ್ಕೆ ಕೂಗಳತೆಯಲ್ಲೇ. ಮುಂದೆ ಧರ್ಮಾಂಬುಧಿ ಕೆರೆ ಬತ್ತಿ, ಅದರ ಅಂಗಳದಲ್ಲಿ ಬಸ್ ನಿಲ್ದಾಣ ಎದ್ದ ಮೇಲಂತೂ ಸುತ್ತಲಿನ ಬೀದಿಗಳೆಲ್ಲ ಲಾಡ್ಜುಗಳಾದವು. ಕೋರ್ಟು, ಕಚೇರಿ, ಪೇಟೆ, ಕಾಲೇಜು ಎಲ್ಲವೂ ಅಲ್ಲಿಂದ ಅರ್ಧ ಗಂಟೆಯ ದಾರಿಯಲ್ಲಿದ್ದ ಕಾಲಕ್ಕೆ ಅದು ಸರಿಯಾದ ಲೆಕ್ಕವೇ ಆಗಿತ್ತು. ಲೆಕ್ಕ ತಪ್ಪಿದ್ದು ಪರೀಕ್ಷೆಗಳು ಕಂಪ್ಯೂಟರಿಗೆ ಬಂದ ಮೇಲೆ. ನೂರಾರು ಕಂಪ್ಯೂಟರುಗಳನ್ನು ಒಂದೇ ಕಡೆ ಇಟ್ಟ ಕಟ್ಟಡಗಳು ಹೆಚ್ಚಾಗಿ ಸಿಗುವುದು ಊರಾಚೆ: ವೈಟ್‌ಫೀಲ್ಡ್ ಕಡೆ, ಎಲೆಕ್ಟ್ರಾನಿಕ್ ಸಿಟಿ ಕಡೆ, ಹೊರ ವರ್ತುಲ ರಸ್ತೆಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ. ಹಾಲ್ ಟಿಕೆಟ್ಟಿನ ಮೇಲೆ ‘ಬೆಂಗಳೂರು’ ಎಂದಿದ್ದರೆ ಸಾಕು, ಹಳ್ಳಿಯ ತಂದೆತಾಯಿ ಮೆಜೆಸ್ಟಿಕ್‌ಗೆ ಟಿಕೆಟ್ ತೆಗೆಸುತ್ತಾರೆ.

2019ರ ಏಪ್ರಿಲ್‌ನಲ್ಲಿ ಟೈಲರ್ ತಮ್ಮ ಮಗನನ್ನು ಜೆಇಇ ಪರೀಕ್ಷೆಗೆ ಕರೆತಂದದ್ದು ಹೀಗೆಯೇ. ಕೋಣೆಗೆ 800 ರೂಪಾಯಿ. ಕಿಟಕಿಯ ಕೆಳಗೇ ಬಸ್ಸುಗಳ ಹಾರನ್ನು. ಪಕ್ಕದ ಕೋಣೆಯಲ್ಲಿ ರಾತ್ರಿ ಎರಡರವರೆಗೆ ಇಸ್ಪೀಟಿನವರ ಗಲಾಟೆ. ಹಾಸಿಗೆಯಲ್ಲಿ ತಿಗಣೆ. ಹುಡುಗ ಎದ್ದು ಕುರ್ಚಿಯ ಮೇಲೆ ಕೂತ, ಕುರ್ಚಿಯಿಂದೆದ್ದು ನೆಲದ ಮೇಲೆ ಮಲಗಿದ. ಬೆಳಿಗ್ಗೆ ಆರೂವರೆಗೆ ಹೊರಟರೆ ಸಾಕು, ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ತಾನೇ, ಎಂದು ಅಪ್ಪ ಅಂದುಕೊಂಡಿದ್ದರು. ಹೊಸದುರ್ಗದ ಕಡೆ ಅದು ಮುಕ್ಕಾಲು ಗಂಟೆಯ ದಾರಿ. ಸಿಲ್ಕ್ ಬೋರ್ಡ್ ಹತ್ತಿರ ಬಸ್ಸು ನಿಂತದ್ದು ನಿಂತೇ ಇತ್ತು. ಕೊನೆಗೆ ಆಟೋ, ಆಮೇಲೆ ಓಟ. ಗೇಟು ಮುಚ್ಚಲು ಏಳು ನಿಮಿಷ ಇದೆ ಅನ್ನುವಾಗ ಹುಡುಗ ಒಳಗೆ ಹೋದ. ಹೊರಗೆ ಬಂದಾಗ, “ಕಣ್ಣ ಮುಂದೆ ಅಕ್ಷರ ನಿಲ್ಲಲಿಲ್ಲ” ಎಂದಷ್ಟೇ ಹೇಳಿದ.

ಮುಂದೆ ಆತ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರಿ, ಮುಗಿಸಿ, ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಸಿಎನ್‌ಸಿ ಯಂತ್ರದ ಕೆಲಸಕ್ಕೆ ನಿಂತ. ಕೆಲಸ ಒಳ್ಳೆಯದೇ. ಆದರೂ ಅಪ್ಪನ ಎದೆಯಲ್ಲಿ ಆ ರಾತ್ರಿ ಉಳಿದುಬಿಟ್ಟಿತು. ಇನ್ನೂ ನಾಲ್ಕುನೂರು ರೂಪಾಯಿ ಖರ್ಚು ಮಾಡಿದ್ದರೆ? ಹಿಂದಿನ ದಿನವೇ ಹೋಗಿ ದಾರಿ ನೋಡಿ ಬಂದಿದ್ದರೆ? ಮಗ ಮಾತ್ರ ಒಮ್ಮೆಯೂ ದೂರಲಿಲ್ಲ. ಯಾರಾದರೂ ಕೇಳಿದರೆ, “ನಾನು ಓದಿದ್ದೇ ಅಷ್ಟು ಬಿಡಿ” ಎನ್ನುತ್ತಿದ್ದ. ಅದು ನಿಜವೋ, ಅಪ್ಪನಿಗಾಗಿ ಹೇಳಿದ ಮಾತೋ, ಅವನೊಬ್ಬನಿಗೇ ಗೊತ್ತು.

ಆರು ವರ್ಷದ ಮೇಲೆ ಮಗಳ ಸರದಿ ಬಂತು. ದಾವಣಗೆರೆ ಸಿಕ್ಕಲಿ ಎಂದು ಬರೆದರೆ ಸಿಕ್ಕಿದ್ದು ಬೆಂಗಳೂರು. ಕೇಂದ್ರದ ಪೂರ್ತಿ ವಿಳಾಸ ತಿಳಿಯುವುದು ಪರೀಕ್ಷೆಗೆ ಮೂರ್ನಾಲ್ಕು ದಿನ ಇರುವಾಗ. ಎಲೆಕ್ಟ್ರಾನಿಕ್ ಸಿಟಿ. 2025ರ ಏಪ್ರಿಲ್ 7, ಸೋಮವಾರ, ಬೆಳಗಿನ ಒಂಬತ್ತರ ಪಾಳಿ. ಎಂಟೂವರೆಗೆ ಗೇಟು ಬಂದ್. ಸೋಮವಾರ ಬೆಳಿಗ್ಗೆ ಹೊಸೂರು ರಸ್ತೆ ಹೇಗಿರುತ್ತದೆ ಎಂದು ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ.

ಟೈಲರ್ ಈ ಸಲ ಬಟ್ಟೆ ಕತ್ತರಿಸುವ ಮೊದಲು ಅಳತೆ ತೆಗೆದರು. ವಿಜಯನಗರದಲ್ಲಿ ಹೆಂಡತಿಯ ಅಣ್ಣನ ಮನೆ ಇತ್ತು. ಹೋದರೆ ಹೋಳಿಗೆ ಊಟ, ಮಧ್ಯರಾತ್ರಿಯವರೆಗೆ ಮಾತು, ‘ಎಷ್ಟು ಪರ್ಸೆಂಟು ಬರುತ್ತಮ್ಮ?’ ಎಂಬ ವಿಚಾರಣೆ. ಬಂಧುಗಳ ಪ್ರೀತಿ ದೊಡ್ಡದು, ಆದರೆ ಪರೀಕ್ಷೆಯ ಹಿಂದಿನ ರಾತ್ರಿ ಅದು ಮಗುವಿಗೆ ಭಾರ. ಪೀಣ್ಯದ ಹತ್ತಿರ ದಾಸರಹಳ್ಳಿಯಲ್ಲಿ ಮಗನ ಕೋಣೆಯಿತ್ತು. ಒಂದು ಕೋಣೆ, ನಾಲ್ವರು ಹುಡುಗರು, ಪಾಳಿಯ ಮೇಲೆ ನಿದ್ದೆ. ಅಲ್ಲಿ ಬಾಡಿಗೆ ಕಡಿಮೆ ನಿಜ. ಆದರೆ ತುಮಕೂರು ರಸ್ತೆಯ ಲಾರಿ ರಾತ್ರಿಯಿಡೀ ನಿಲ್ಲುವುದಿಲ್ಲ, ಮೇಲಾಗಿ ಊರಿನ ಆ ತುದಿಯಿಂದ ಈ ತುದಿಗೆ ಬರಬೇಕು. ಇನ್ನು ಎಲೆಕ್ಟ್ರಾನಿಕ್ ಸಿಟಿಯ ಒಳಗಿನ ಹೋಟೆಲುಗಳು. 1978ರಲ್ಲಿ ಕಿಯೋನಿಕ್ಸ್‌ನವರು 332 ಎಕರೆಯಲ್ಲಿ ಶುರುಮಾಡಿದ ಆ ಬಡಾವಣೆಯ ಹೋಟೆಲುಗಳು ಕಂಪನಿಗಳ ಅತಿಥಿಗಳಿಗೆ. ಅಲ್ಲಿನ ಒಂದು ರಾತ್ರಿಯ ಬಾಡಿಗೆಯಲ್ಲಿ ಟೈಲರ್ ಹತ್ತು ಜೊತೆ ಶಾಲಾ ಸಮವಸ್ತ್ರ ಹೊಲಿದ ಕೂಲಿ ಕರಗುತ್ತಿತ್ತು.

ದಾರಿ ತೋರಿಸಿದವನು ಮಗನೇ. ಕಾರ್ಖಾನೆಯ ಬಿಡಿಭಾಗ ತಲುಪಿಸಲು ಅವನು ತಿಂಗಳಿಗೊಮ್ಮೆ ಬೊಮ್ಮಸಂದ್ರದ ಕೈಗಾರಿಕಾ ಪ್ರದೇಶಕ್ಕೆ ಹೋಗುತ್ತಿದ್ದ. “ಈ ಸಲ ಮೆಜೆಸ್ಟಿಕ್‌ನಲ್ಲಿ ಉಳಿಯೋದು ಬೇಡಪ್ಪಾ. ಅಲ್ಲಿ ಆಸ್ಪತ್ರೆ ಹಿಂದೆ ಮನೆಗಳಿವೆ, ದಿನದ ಲೆಕ್ಕಕ್ಕೆ ಕೊಡ್ತಾರೆ. ಅಡುಗೆನೂ ಮಾಡ್ಕೋಬಹುದು” ಎಂದ.

ಆಸ್ಪತ್ರೆಯೆಂದರೆ ನಾರಾಯಣ ಹೃದಯಾಲಯ. ಕಿನ್ನಿಗೋಳಿಯವರಾದ ಡಾ. ದೇವಿ ಶೆಟ್ಟಿಯವರು ಬೆಂಗಳೂರಿಗೆ ಬರುವ ಮೊದಲು ಕಲ್ಕತ್ತೆಯಲ್ಲಿ ಹೆಸರು ಮಾಡಿದವರು, ಮದರ್ ತೆರೇಸಾ ಅವರಿಗೆ ಚಿಕಿತ್ಸೆ ಕೊಟ್ಟವರು. ಆ ನಂಬಿಕೆಯ ದಾರಿ ಹಿಡಿದೇ ಬಂಗಾಳದ ರೋಗಿಗಳು ಎರಡು ದಿನ ರೈಲಿನಲ್ಲಿ ಕೂತು ಬೊಮ್ಮಸಂದ್ರಕ್ಕೆ ಬರುತ್ತಾರೆ. ತಿಂಗಳೊಪ್ಪತ್ತು ಇರಬೇಕಾದ ಈ ಸಂಸಾರಗಳಿಗಾಗಿ, ರಾಗಿ ಹೊಲ ಇದ್ದಲ್ಲೆಲ್ಲ ಮೂರಂತಸ್ತು, ನಾಲ್ಕಂತಸ್ತಿನ ಮನೆಗಳು ಎದ್ದವು. ಕನ್ನಡ, ಇಂಗ್ಲಿಷ್ ಜೊತೆ ಬಂಗಾಳಿಯಲ್ಲಿ ಬರೆದ ಬೋರ್ಡುಗಳು, ಸಾಸಿವೆ ಎಣ್ಣೆ ಮಾರುವ ಅಂಗಡಿಗಳು, ಮೀನೂಟದ ಹೋಟೆಲುಗಳು. ಆನೇಕಲ್ ತಾಲ್ಲೂಕಿನಲ್ಲಿ ಒಂದು ಬಂಗಾಳದ ಬೀದಿ!

ಜಪಾನಿನ ಟೋಕಿಯೊದಲ್ಲೂ ಇಂಥದೊಂದು ಕೇರಿ ಇದೆ. ಮಿನಾಮಿ ಸೆಂಜು ರೈಲು ನಿಲ್ದಾಣದ ಬಳಿಯ ಸಾನ್ಯಾ. ಯುದ್ಧದ ನಂತರ ಊರು ಕಟ್ಟಲು ಬಂದ ದಿನಗೂಲಿಯವರಿಗಾಗಿ ಅಲ್ಲಿ ಎರಡು ಮೂರು ಚಾಪೆಯಗಲದ ಕೋಣೆಗಳ ವಸತಿಗಳಾದವು. ಕೂಲಿ ಕೆಲಸ ಕಡಿಮೆಯಾಗಿ ಕೂಲಿಯವರಿಗೆ ವಯಸ್ಸಾದ ಮೇಲೆ, ಅವೇ ಕೋಣೆಗಳಿಗೆ ಬಣ್ಣ ಬಳಿದು ಕೈ ಬಿಗಿಯಿರುವ ಪ್ರವಾಸಿಗರಿಗೆ ಕೊಡತೊಡಗಿದರು. ಒಬ್ಬರ ಕಷ್ಟಕ್ಕೆಂದು ಕಟ್ಟಿದ ಕೋಣೆ ಇನ್ನೊಬ್ಬರ ಅನುಕೂಲಕ್ಕೆ ಒದಗುವುದು ದೊಡ್ಡ ಊರುಗಳಲ್ಲಿ ಹೊಸತೇನಲ್ಲ.

ಭಾನುವಾರ ಮಧ್ಯಾಹ್ನವೇ ಅಪ್ಪ ಮಗಳು ಬೊಮ್ಮಸಂದ್ರ ತಲುಪಿದರು. ಬಾಡಿಗೆ 600 ರೂಪಾಯಿ. ಇಬ್ಬರ ಆಧಾರ್ ಕಾರ್ಡು ನೋಡಿ ಪುಸ್ತಕದಲ್ಲಿ ಬರೆದುಕೊಂಡರು. ಕೋಣೆಯಲ್ಲಿ ಎರಡು ಮಂಚ, ಒಂದು ಫ್ಯಾನು, ಗೋಡೆಗೊಂದು ಮೊಳೆ. ಅಷ್ಟೇ. ಆದರೆ ತೊಳೆದ ಹಾಸಿಗೆ ವಸ್ತ್ರ, ಸೋರದ ನಲ್ಲಿ. ಪ್ರತಿ ಅಂತಸ್ತಿಗೊಂದು ಅಡುಗೆ ಕೋಣೆ. ಮಗಳು ಮೊದಲು ಕಿಟಕಿ ತೆರೆದು ಹೊರಗೆ ಕಿವಿಗೊಟ್ಟಳು. ಅಣ್ಣ ಹೇಳಿಕೊಟ್ಟಿದ್ದ: ಕೋಣೆ ಒಪ್ಪುವ ಮುಂಚೆ ಪಕ್ಕದಲ್ಲಿ ಕಲ್ಯಾಣ ಮಂಟಪ ಇದೆಯೇ, ಮೇಲೆ ನೀರಿನ ಮೋಟರು ಇದೆಯೇ ನೋಡು ಅಂತ. ಅವತ್ತು ಶ್ರೀರಾಮ ನವಮಿ. ಬೀದಿಯ ತಿರುವಿನಲ್ಲಿ ಚಪ್ಪರ ಹಾಕಿ ಮೈಕು ಕಟ್ಟಿದ್ದರು. ಟೈಲರ್ ಮುಖ ಸಪ್ಪಗಾಯಿತು.

ಮನೆಯೊಡತಿ ಅದನ್ನು ಗಮನಿಸಿರಬೇಕು. “ಯೋಚನೆ ಮಾಡ್ಬೇಡಿ ಅಣ್ಣ, ಏಳೂವರೆಗೆ ಮೈಕ್ ಆಫ್ ಮಾಡ್ತಾರೆ. ಇಲ್ಲಿಗೆ ಬರೋರೆಲ್ಲ ನಾಳೆ ಏನಾಗುತ್ತೋ ಅಂತ ಮಲಗೋರೇ. ಗಲಾಟೆ ಮಾಡೋರು ಯಾರಿದ್ದಾರೆ?” ಎಂದಳು. ಆಕೆ ಹೇಳಿದ ಹಾಗೆಯೇ ಆಯಿತು. ಮೈಕು ನಿಲ್ಲುವ ಮೊದಲು ಹುಡುಗರಿಬ್ಬರು ಬಂದು ಕೋಣೆ ಕೋಣೆಗೂ ಪಾನಕ, ಕೋಸಂಬರಿ ಕೊಟ್ಟು ಹೋದರು.

ಸಂಜೆ ಇಬ್ಬರೂ ಆಟೋದಲ್ಲಿ ಹೋಗಿ ಪರೀಕ್ಷಾ ಕೇಂದ್ರದ ಗೇಟನ್ನು ಕಣ್ಣಾರೆ ನೋಡಿ ಬಂದರು. ಹದಿನೈದು ನಿಮಿಷ.

ಎದುರು ಕೋಣೆಯಲ್ಲಿ ಮುರ್ಶಿದಾಬಾದ್ ಕಡೆಯ ಗಂಡಹೆಂಡತಿ, ಜೊತೆಗೆ ಎಂಟು ವರ್ಷದ ಮಗ. ಹೃದಯದಲ್ಲಿ ರಂಧ್ರ. ಹುಡುಗನನ್ನು ಆಸ್ಪತ್ರೆಗೆ ಸೇರಿಸಬೇಕಾಗಿದ್ದೂ ಮರುದಿನ ಬೆಳಿಗ್ಗೆಯೇ. ಬೆಳಕು ಚೆನ್ನಾಗಿದ್ದದ್ದು ಅಡುಗೆ ಕೋಣೆಯಲ್ಲಿ. ಹಾಗಾಗಿ ಮಗಳು ಸೂತ್ರಗಳ ಪುಸ್ತಕ ಹಿಡಿದು ಅಲ್ಲೇ ಮೂಲೆಯಲ್ಲಿ ಕೂತಿದ್ದಳು. ಆ ತಾಯಿ ಅಕ್ಕಿ ಬೇಳೆ ಬೇಯಿಸಲು ಬಂದವಳು ಪುಸ್ತಕ ನೋಡಿದಳು. ಆಮೇಲೆ ತಟ್ಟೆ, ಸೌಟು, ಮುಚ್ಚಳ ಒಂದೊಂದನ್ನೂ ಸದ್ದಾಗದಂತೆ ಕಲ್ಲಿನ ಮೇಲೆ ಇಡತೊಡಗಿದಳು. ನಾಳೆ ಮಗನನ್ನು ಆಪರೇಷನ್ನಿಗೆ ಬಿಡಬೇಕಾದ ಹೆಂಗಸು, ಗುರುತಿಲ್ಲದ ಹುಡುಗಿಯ ಓದಿಗೆ ಭಂಗವಾದೀತೆಂದು ಅಂಜುತ್ತಿದ್ದಳು! ಮಗಳು ಕೋಣೆಗೆ ಬಂದು ಅಪ್ಪನಿಗೆ ಇದನ್ನು ಹೇಳಿದಳು. “ಅಪ್ಪಾ, ನನ್ನದೇನು ದೊಡ್ಡ ಪರೀಕ್ಷೆ ಅಲ್ಲ ಅನ್ನಿಸ್ತು” ಎಂದಳು. ಹತ್ತು ಗಂಟೆಗೆಲ್ಲ ಮಗಳಿಗೆ ಗಾಢ ನಿದ್ದೆ.

ನಿದ್ದೆ ಬಾರದೆ ಹೊರಳಿದವರು ಅಪ್ಪ. ಆರು ವರ್ಷ ಮೆಜೆಸ್ಟಿಕ್ಕಿನ ಸದ್ದನ್ನು ಶಪಿಸಿದವರಿಗೆ ಈಗ ನಿಶ್ಶಬ್ದವೇ ಕಿವಿಗೆ ಬಡಿಯುತ್ತಿತ್ತು. ಎದ್ದು ವರಾಂಡಕ್ಕೆ ಬಂದರೆ ಅಲ್ಲಿ ಇನ್ನೊಬ್ಬ ಅಪ್ಪ ಕಂಬಿ ಹಿಡಿದು ನಿಂತಿದ್ದಾನೆ. ಇವರಿಗೆ ಹಿಂದಿ ಬಾರದು, ಆತನಿಗೆ ಕನ್ನಡ ಬಾರದು. ಇವರು ಬೆರಳಲ್ಲಿ ಬರೆಯುವ ಸನ್ನೆ ಮಾಡಿ ‘ಮಗಳು, ಪರೀಕ್ಷೆ’ ಎಂದರು. ಆತ ಎದೆ ಮುಟ್ಟಿಕೊಂಡು ತೋರಿಸಿದ. ಆಮೇಲೆ ಹೇಳಲು ಏನೂ ಇರಲಿಲ್ಲ. ದೂರದಲ್ಲಿ ಹೊಸೂರು ರಸ್ತೆಯ ಮೇಲೆ ಇನ್ನೂ ರೈಲು ಓಡದ ಮೆಟ್ರೋ ಕಂಬಗಳು ಸಾಲಾಗಿ ನಿಂತಿದ್ದವು. ಇಬ್ಬರೂ ಅದನ್ನೇ ನೋಡುತ್ತ ಬಹಳ ಹೊತ್ತು ನಿಂತರು.

ಬೆಳಿಗ್ಗೆ ಆರಕ್ಕೆ ಬಾಗಿಲು ಬಡಿದವನು ಮಗ. ಪಾಳಿ ಬದಲಿಸಿಕೊಂಡು, ಸ್ನೇಹಿತನ ಬೈಕು ಪಡೆದು, ಕತ್ತಲಲ್ಲೇ ಊರು ದಾಟಿ ಬಂದಿದ್ದ. ಬರುತ್ತೇನೆಂದು ಮೊದಲು ಹೇಳಿರಲಿಲ್ಲ. ಏಳೂಕಾಲಕ್ಕೆ ಮೂವರೂ ಗೇಟಿನ ಮುಂದಿದ್ದರು. ಮಗಳು ಒಳಗೆ ಹೋದ ಮೇಲೂ ಅವನು ಅಲ್ಲಿಂದ ಕದಲಲಿಲ್ಲ. ಎಂಟು ಇಪ್ಪತ್ತೇಳಕ್ಕೆ ಒಂದು ಆಟೋ ಬಂದು ನಿಂತು, ಬೆವರಿ ಹೋದ ಒಬ್ಬ ಹುಡುಗ ಬೆನ್ನಿನ ಚೀಲದ ಸಮೇತ ಇಳಿದ. ಚೀಲ ಒಳಗೆ ಬಿಡುವುದಿಲ್ಲ. ಅವನ ಅಪ್ಪ ಆಟೋದವನಿಗೆ ಚಿಲ್ಲರೆ ಹುಡುಕುತ್ತಿದ್ದಾರೆ. ಟೈಲರ್ ನೋಡನೋಡುತ್ತಿದ್ದಂತೆ ಮಗ ಓಡಿಹೋಗಿ ಆ ಚೀಲ ಕಿತ್ತುಕೊಂಡು, “ಹಾಲ್ ಟಿಕೆಟ್, ಆಧಾರ್ ಕೈಯಲ್ಲಿ ಹಿಡ್ಕೋ, ಓಡು!” ಎಂದು ಹುಡುಗನ ಬೆನ್ನಿಗೆ ಕೈಹಾಕಿ ನೂಕಿದ. ಗೇಟು ಮುಚ್ಚಿತು. ಹುಡುಗ ಒಳಗಿದ್ದ. ಮಗ ಚೀಲ ತಂದು ಆ ಅಪ್ಪನಿಗೆ ಕೊಟ್ಟು, ಏನೂ ಆಗದವನಂತೆ ಚಹಾ ತರಲು ಹೋದ. ಟೈಲರ್ ಆ ಹೊತ್ತು ಮಗನ ಮುಖ ನೋಡಲಾರದೆ ಬೇರೆಲ್ಲೋ ನೋಡಿದರು.

ಮಧ್ಯಾಹ್ನ ಸಾಮಾನು ತೆಗೆದುಕೊಳ್ಳಲು ಹಿಂತಿರುಗಿದಾಗ ಎದುರು ಕೋಣೆಗೆ ಬೀಗ. ಅಡುಗೆ ಕೋಣೆಯಲ್ಲಿ ಅವರ ಪಾತ್ರೆಗಳು ತೊಳೆದು ಬೋರಲು ಹಾಕಿದ್ದವು. ಮೇ ತಿಂಗಳಲ್ಲಿ ಮಗಳು ತಾನಾಗಿಯೇ ಮನೆಯೊಡತಿಗೆ ಫೋನು ಮಾಡಿ ವಿಚಾರಿಸಿದಳು. ಹುಡುಗ ವರಾಂಡದಲ್ಲಿ ಓಡಾಡುವಷ್ಟಾಗಿ, ಊರಿಗೆ ಹೋದನಂತೆ.

ಮಗಳಿಗೆ ಜೆಇಇಯಲ್ಲಿ ಸುರತ್ಕಲ್ಲಿಗೆ ಸಾಲುವಷ್ಟು ಬರಲಿಲ್ಲ. ಸಿಇಟಿ ರ‍್ಯಾಂಕಿನ ಮೇಲೆ ದಾವಣಗೆರೆಯಲ್ಲಿ ಸೀಟು ಸಿಕ್ಕಿತು. ಹಾಗಾದರೆ ಆ ರಾತ್ರಿಯ ನಿದ್ದೆಯಿಂದ ಬಂದ ಭಾಗ್ಯವೇನು ಎಂದು ಹೆಂಡತಿಯ ಅಣ್ಣ ಕೇಳಿದರು. ಅವರ ಮನೆಗೆ ಹೋಗದ ಸಿಟ್ಟು ಇನ್ನೂ ಆರಿರಲಿಲ್ಲ. “ಬರೆದು ಹೊರಗೆ ಬಂದಾಗ ಮಗು ನಗ್ತಾ ಇತ್ತು ಭಾವ” ಎಂದಷ್ಟೇ ಹೇಳಿ ಟೈಲರ್ ಸುಮ್ಮನಾದರು.

ಆ ವರ್ಷದ ಆಗಸ್ಟ್ 10ರಂದು ಹಳದಿ ಮಾರ್ಗದ ಉದ್ಘಾಟನೆಯಾಯಿತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 19 ಕಿಲೋಮೀಟರ್, 16 ನಿಲ್ದಾಣ. ತುಮಕೂರು ರಸ್ತೆಯಿಂದ ಬರುವವರು ಈಗ ಮೆಜೆಸ್ಟಿಕ್ಕಿನಲ್ಲಿ ಇಳಿಯಬೇಕಾಗಿಲ್ಲ. ಪೀಣ್ಯದ ಹತ್ತಿರವೇ ಇಳಿದು ಹಸಿರು ಮಾರ್ಗ ಹಿಡಿದು, ಆರ್.ವಿ. ರಸ್ತೆಯಲ್ಲಿ ಒಮ್ಮೆ ಬದಲಿಸಿದರೆ ಸಾಕು. ವೈಟ್‌ಫೀಲ್ಡಿನಲ್ಲಿ ಪರೀಕ್ಷೆಯಿದ್ದರೆ 2023ರ ಅಕ್ಟೋಬರಿನಿಂದಲೇ ನೇರಳೆ ಮಾರ್ಗ ಕಾಡುಗೋಡಿಯವರೆಗೂ ನೇರ ಇದೆ. ಹೊಸದುರ್ಗದಲ್ಲಿ ಪಿಯುಸಿ ಮಕ್ಕಳ ತಂದೆಯಂದಿರು ಅಂಗಿಯ ಅಳತೆ ಕೊಡಲು ಬಂದಾಗ ಇದೆಲ್ಲ ಕೇಳುತ್ತಾರೆ. ಟೈಲರ್ ಕತ್ತರಿ ಪಕ್ಕಕ್ಕಿಟ್ಟು, ಕಟಿಂಗ್ ಮೇಜಿನ ಮೇಲೆ ಹಾಸಿದ ಖಾಕಿ ಕಾಗದದಲ್ಲಿ ಬಳಪದಿಂದ ಉದ್ದಕ್ಕೆ ಒಂದು ಗೆರೆ ಎಳೆಯುತ್ತಾರೆ. ಅದು ಹೊಸೂರು ರಸ್ತೆ. “ಇಲ್ಲಿ ಪರೀಕ್ಷೆ. ಇಲ್ಲಿ ಮೆಜೆಸ್ಟಿಕ್, ಇದನ್ನ ಮರೆತುಬಿಡಿ. ಈಗ ಇಲ್ಲಿ ನೋಡಿ...”