ಬಿಳಿಗಿರಿಯ ಪೋಡುಗಳು

ವಿಜಯಪುರದ ಜಲನಗರದಂತಹ ಬಡಾವಣೆಗಳಲ್ಲಿ ಮನೆಯನ್ನೋ ನಿವೇಶನವನ್ನೋ ಕೊಳ್ಳಹೊರಟ ಗೃಹಸ್ಥನು ಮೊಟ್ಟಮೊದಲು ಕೇಳುವುದು ಉತಾರವನ್ನು, ಅನಂತರ ಚಕ್ಕುಬಂದಿಯನ್ನು. ಮೂಡಲಿಗೆ ಇಂಥವರ ಮನೆ, ಪಡುವಲಿಗೆ ಸಾರ್ವಜನಿಕ ರಸ್ತೆ, ತೆಂಕಲಿಗೆ ಇಂಥವರ ಖುಲ್ಲಾ ಜಾಗ, ಬಡಗಲಿಗೆ ಗಟಾರ ಎಂದು ನಾಲ್ಕು ದಿಕ್ಕುಗಳೂ ಕಾಗದದ ಮೇಲೆ ಮೂಡಿ, ನೋಂದಣಿ ಕಚೇರಿಯ ಮೊಹರು ಬಿದ್ದ ಬಳಿಕವೇ ಅವನ ಮನಸ್ಸಿಗೆ ನೆಮ್ಮದಿ. ಊರ ಹೊರಗೆ ತಿಕೋಟಾ, ಬಬಲೇಶ್ವರಗಳ ಕಡೆಗೆ ಹೋದರೂ ಅದೇ ಮಾತು. ಎರೆಭೂಮಿಯ ಬಯಲು, ದೃಷ್ಟಿಗೆ ತಡೆಯಿಲ್ಲ, ಬದುವೂ ಬಾಂದುಕಲ್ಲೂ ಮರೆಯಿಲ್ಲದೆ ಕಾಣುತ್ತವೆ. ಬದು ನಾಲ್ಕು ಬೆರಳು ಅತ್ತಿತ್ತ ಸರಿದರೆ ಅಣ್ಣತಮ್ಮಂದಿರು ಕೋರ್ಟಿನ ಕಟ್ಟೆ ಹತ್ತುತ್ತಾರೆ. ಆಸ್ತಿ ಎಂದರೆ ಅಳೆಯಬಲ್ಲದ್ದು, ಬರೆಯಬಲ್ಲದ್ದು, ಬೇಕಾದಾಗ ಮಾರಬಲ್ಲದ್ದು. ಬಯಲುಸೀಮೆಯ ಈ ತಿಳಿವಳಿಕೆಯನ್ನು ಬುತ್ತಿಯೊಡನೆ ಕಟ್ಟಿಕೊಂಡು ನಾಡಿನ ಇನ್ನೊಂದು ತುದಿಗೆ ಹೊರಟ ಪ್ರವಾಸಿಗೆ ಬಿಳಿಗಿರಿರಂಗನ ಬೆಟ್ಟದಲ್ಲಿ ಬುತ್ತಿ ಉಪಯೋಗಕ್ಕೆ ಬಂದೀತು. ಆ ತಿಳಿವಳಿಕೆ ಮಾತ್ರ ಬಾರದು.

ವಿಜಯಪುರದ ನಿಲ್ದಾಣದಲ್ಲಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದವನು ಮರುದಿನ ಮೈಸೂರಿನಲ್ಲಿ ಇಳಿಯುತ್ತಾನೆ. ಅಲ್ಲಿಂದ ಚಾಮರಾಜನಗರದ ಸೀಮೆ, ಯಳಂದೂರು. ಆಮೇಲೆ ಗದ್ದೆ ತೋಟಗಳು ಹಿಂದೆ ಬಿದ್ದು ಬೆಟ್ಟದ ದಾರಿ ತೊಡಗುತ್ತದೆ. ತಪ್ಪಲಿನಲ್ಲಿ ಮುಳ್ಳು ಕುರುಚಲು. ಸ್ವಲ್ಪ ಏರಿದರೆ ಬೇಸಗೆಯಲ್ಲಿ ಎಲೆಯುದುರಿಸುವ ಕಾಡು. ಇನ್ನೂ ಮೇಲೆ, ಕಣಿವೆಗಳ ಸಂದಿನಲ್ಲಿ ಸದಾ ಹಸುರಾಗಿರುವ ಶೋಲಾ, ಅದರ ನೆತ್ತಿಯಲ್ಲಿ ಹುಲ್ಲುಗಾವಲು. ಪಶ್ಚಿಮ ಘಟ್ಟಕ್ಕೂ ಪೂರ್ವ ಘಟ್ಟಕ್ಕೂ ಸೇತುವೆಯಂತಿರುವ ಈ ಬೆಟ್ಟಸಾಲಿನಲ್ಲಿ ಆನೆ, ಹುಲಿ, ಕಾಟಿಗಳ ಸಂಚಾರ ನಿತ್ಯದ್ದು. ಸುಮಾರು 5000 ಅಡಿ ಎತ್ತರದಲ್ಲಿ, ಬೆಳ್ಳಗಿನ ಬಂಡೆಯ ಅಂಚಿನಲ್ಲಿ ರಂಗನಾಥನ ಗುಡಿ. ಬಹುಮಂದಿ ಯಾತ್ರಿಕರು ದರ್ಶನ ಮಾಡಿ, ಪ್ರಪಾತವನ್ನು ಇಣುಕಿ ನೋಡಿ, ಕೋತಿಗಳಿಂದ ಬಾಳೆಹಣ್ಣನ್ನು ಉಳಿಸಿಕೊಂಡು ಅಂದೇ ಇಳಿದುಬಿಡುತ್ತಾರೆ. ಆ ದೇವರು ಕುಸುಮಾಲೆ ಎಂಬ ಸೋಲಿಗರ ಹೆಣ್ಣನ್ನು ಮೆಚ್ಚಿ ಮದುವೆಯಾದನೆಂದೂ, ಆದಕಾರಣ ಸೋಲಿಗರಿಗೆ ಅವನು ಭಾವನೆಂದೂ ಐತಿಹ್ಯ. ಊರವರಿಗೆ ಸ್ವಾಮಿಯಾದವನು ಕಾಡಿನವರಿಗೆ ಭಾವ. ಭಾವನ ಮನೆ ಇರುವ ಬೆಟ್ಟ ಯಾರದೆಂದು ಅವರು ಯಾವ ಕಚೇರಿಯಲ್ಲಿಯೂ ಕೇಳಬೇಕಾಗಿ ಬಂದಿರಲಿಲ್ಲ.

ಸೋಲಿಗರ ಹಟ್ಟಿಗೆ ಪೋಡು ಎಂದು ಹೆಸರು. ಪುರಾಣಿ ಪೋಡು, ಕಲ್ಯಾಣಿ ಪೋಡು, ಯರಕನಗದ್ದೆ, ಮಂಜಿಗುಂಡಿ, ಕೆರೆದಿಂಬ, ಗೊಂಬೆಗಲ್ಲು ಹೀಗೆ ಬೆಟ್ಟದ ಒಳಗೂ ಅಂಚಿನಲ್ಲೂ ಅನೇಕ ಪೋಡುಗಳು ಚದುರಿವೆ. ಭೂಮಾಪನದವರ ಭಾಷೆಯಲ್ಲಿ ಪೋಡಿ ಎಂಬ ಮಾತೊಂದು ಉಂಟು. ಒಂದು ಸರ್ವೆ ನಂಬರನ್ನು ಒಡೆದು, ಹಿಸ್ಸೆಗಳನ್ನಾಗಿ ಬೇರ್ಪಡಿಸುವುದಕ್ಕೆ ಪೋಡಿ ಮಾಡುವುದು ಎನ್ನುತ್ತಾರೆ. ಪೋಡಿಗೂ ಪೋಡಿಗೆ ಒಳಪಡದ ಪೋಡಿಗೂ ಸಂಬಂಧವೇನೂ ಇಲ್ಲದಿದ್ದೀತು. ಆದರೆ ಒಂದಕ್ಷರದ ಕೊಂಬು ದಾಟಿದೊಡನೆ ಅರ್ಥವು ಇಷ್ಟು ದೂರ ಸರಿಯುವುದು ಭಾಷಾಪ್ರಿಯರಿಗೆ ಸ್ವಾರಸ್ಯವಾಗಿ ಕಾಣದಿರದು.

ಪೋಡಿನ ಹಿರಿಯನೊಬ್ಬನನ್ನು, ನಿಮ್ಮದು ಎಷ್ಟು ಎಕರೆ ಎಂದು ಕೇಳಿದರೆ ಆ ಪ್ರಶ್ನೆ ಅವನಿಗೆ ಎಡವಟ್ಟಾಗಿ ತೋರುತ್ತದೆ. ಅವನ ಎಣಿಕೆಯೇ ಬೇರೆ. ಕಾಡು ಅವನ ಲೆಕ್ಕದಲ್ಲಿ ಎಲ್ಲೆಗಳಾಗಿ ಹಂಚಿಹೋಗಿದೆ. ಸೋಲಿಗರಲ್ಲಿ ತೆನೆಯರು, ಸೂರಿರು, ಆಲೇರು, ಹಾಲರು, ಸೆಲಿಕಿರು, ಬೆಳ್ಳೇರು ಎಂಬಂತಹ ಕುಲಗಳಿವೆ. ಒಂದೊಂದು ಎಲ್ಲೆ ಒಂದೊಂದು ಕುಲಕ್ಕೆ ಸೇರಿದ್ದು. ಎಲ್ಲೆಯೊಳಗೆ ಆ ಕುಲದವರು ನಡೆದುಕೊಳ್ಳುವ ನೆಲೆಗಳು ಐದು: ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ. ಮೊದಲ ಮೂರು ಪೂಜೆಗೆ ಸಂಬಂಧಿಸಿದವು. ಕಲ್ಲುಗುಡಿ ಗತಿಸಿದವರದು. ಅಬ್ಬಿಯೆಂದರೆ ನೀರಿನ ಸೆಲೆ. ಮೂಡಲಿಗೆ ಇಂಥವರ ಮನೆ, ಪಡುವಲಿಗೆ ರಸ್ತೆ ಎಂದು ನಾವು ಬರೆಸುವ ಕಡೆ ಅವರಲ್ಲಿ ಸತ್ತ ಅಜ್ಜಂದಿರು, ಬತ್ತದ ಊಟೆ, ಕಾಯುವ ಅಮ್ಮ ಇರುತ್ತಾರೆ. ಇದೂ ಚಕ್ಕುಬಂದಿಯೇ. ಇದನ್ನು ಬರೆದವರಿಲ್ಲ, ಮರೆತವರೂ ಇರಲಿಲ್ಲ.

ಈ ನೆಲೆಗಳಲ್ಲಿ ಹೊರಗಿನವರಿಗೂ ಪರಿಚಿತವಾದುದು ದೊಡ್ಡ ಸಂಪಿಗೆ. ಭಾರ್ಗವಿ ಹೊಳೆಯ ದಡದಲ್ಲಿ, ಸುತ್ತಲಿನ ಮರಗಳನ್ನೆಲ್ಲ ಮೊಮ್ಮಕ್ಕಳಂತೆ ತೋರಿಸುತ್ತ ನಿಂತಿರುವ ಮಹಾವೃಕ್ಷ. ಅದರ ಬುಡದ ಗಂಟುಗಳೂ ಪೊಟರೆಗಳೂ ಒಂದು ಸಣ್ಣ ಗುಡ್ಡದ ಮೈಯಂತಿವೆ. ವಯಸ್ಸನ್ನು ನೂರುಗಳಲ್ಲಿ ಹೇಳುವವರುಂಟು, ಸಾವಿರಗಳಲ್ಲಿ ಹೇಳುವವರೂ ಉಂಟು. ಗುಡಿಯ ಗೋಡೆಯಿಲ್ಲ, ಗೋಪುರವಿಲ್ಲ. ಬುಡದಲ್ಲಿ ಕಲ್ಲುಗಳು, ತ್ರಿಶೂಲಗಳು, ಮರವೇ ದೇವರು. ವಿಜಯಪುರದ ಗೋಲಗುಂಬಜದ ಕೆಳಗೆ ನಿಂತವನಿಗೆ ಮನುಷ್ಯ ಎಷ್ಟು ದೊಡ್ಡದನ್ನು ಕಟ್ಟಬಲ್ಲನೆಂದು ಬೆರಗಾಗುತ್ತದೆ. ಇಲ್ಲಿ ನಿಂತವನಿಗೆ ಇಷ್ಟು ತಲೆಮಾರುಗಳ ಕಾಲ ಮನುಷ್ಯ ಇದನ್ನು ಕಡಿಯದೆ ಉಳಿದನಲ್ಲ ಎಂದು ಬೆರಗು.

ಹಿಂದಿನ ಬದುಕು ಸರಳವಾಗಿತ್ತು, ಸುಲಭವಾಗಿತ್ತೆಂದು ಹೇಳಲಾಗದು. ಕಾಡಿನ ತುಣುಕೊಂದನ್ನು ಸವರಿ, ಸುಟ್ಟು, ರಾಗಿಯ ಜೊತೆಗೆ ಅವರೆ, ಕುಂಬಳ, ಸಾಸಿವೆ, ಸೊಪ್ಪುಗಳನ್ನು ಬೆಳೆದು, ಕೆಲವು ವರ್ಷಗಳಲ್ಲಿ ಅದನ್ನು ಕಾಡಿಗೇ ಬಿಟ್ಟು ಮುಂದಕ್ಕೆ ಹೋಗುತ್ತಿದ್ದರು. ಪೋಡೂ ಅವರೊಡನೆ ಸರಿಯುತ್ತಿತ್ತು. ಗೆಣಸು ಅಗೆದರೆ ಮತ್ತೆ ಚಿಗುರಲೆಂದು ಒಂದು ಭಾಗವನ್ನು ಮಣ್ಣಿನಲ್ಲೇ ಉಳಿಸುವುದು, ಜೇನು ಇಳಿಸಿದರೆ ಎಲ್ಲವನ್ನೂ ದೋಚದಿರುವುದು ಇವು ಅವರ ಕಟ್ಟಳೆ. ಹೆಜ್ಜೇನಿಗಾಗಿ ಬಂಡೆಯ ಕೊರಕಲಲ್ಲಿ, ಎತ್ತರದ ಮರಗಳ ಮೇಲೆ ಕತ್ತಲಲ್ಲಿ ಹತ್ತುವ ಸಾಹಸವನ್ನು ವರ್ಣಿಸಲು ಹೊರಟರೆ ಈ ಲೇಖನ ಸಾಲದು. ಹೊಸ ರಾಗಿ ಬಂದಾಗ ರೊಟ್ಟಿ ಹಬ್ಬ. ಹೊಸ ಹಿಟ್ಟಿನ ರೊಟ್ಟಿ ಸುಟ್ಟು ದೇವರಿಗೆ ಎಡೆಯಿಟ್ಟು, ಬೆಂಕಿಯ ಸುತ್ತ ಹಾಡಿ ಕುಣಿಯುತ್ತಾರೆ. ಬೀಗ ಹಾಕಿ ಕಾಯಬೇಕಾದ ಸೊತ್ತು ಇವರಲ್ಲಿ ಹೆಚ್ಚೇನೂ ಇರಲಿಲ್ಲ.

ಬೀಗ ಹಾಕಿದವರು ಬೇರೆಯವರು. 1974ರಲ್ಲಿ ಈ ಬೆಟ್ಟವನ್ನು ವನ್ಯಜೀವಿಧಾಮವೆಂದು ಸಾರಲಾಯಿತು. 1987ರಲ್ಲಿ ಅದರ ವಿಸ್ತಾರ 540 ಚದರ ಕಿಲೋಮೀಟರಿನಷ್ಟಾಯಿತು. ಬೇಟೆ ನಿಂತಿತು, ಕುಮರಿ ಬೇಸಾಯ ನಿಂತಿತು. ಕಾಡಿನ ಒಳಗೆ ಚದುರಿದ್ದ ಅನೇಕ ಕುಟುಂಬಗಳನ್ನು ರಸ್ತೆಯ ಬದಿಗೆ, ಕಾಡಿನಂಚಿಗೆ ತಂದು ಕೂರಿಸಲಾಯಿತು. ಬೇಟೆ ನಿಂತದ್ದು ಪ್ರಾಣಿಗಳಿಗೆ ಒಳಿತಾಯಿತು ಎಂಬುದರಲ್ಲಿ ಸಂಶಯವಿಲ್ಲ. ಅದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ನೂರಾರು ವರ್ಷ ಎಲ್ಲೆಯೊಳಗೆ ಬಾಳಿದವರು ಒಂದು ಆಜ್ಞೆಯಿಂದ ಸರ್ಕಾರದ ನೆಲದಲ್ಲಿ ಅಕ್ರಮವಾಗಿ ತಿರುಗುವವರಾದರು. ತಮ್ಮ ಕಲ್ಲುಗುಡಿಗೆ ಹೋಗುವುದಕ್ಕೂ ಇನ್ನೊಬ್ಬರ ಅಪ್ಪಣೆ ಬೇಕಾಯಿತು. ನೆಲ್ಲಿಕಾಯಿ, ಜೇನು, ಕಲ್ಲುಹೂಗಳನ್ನು ಲ್ಯಾಂಪ್ಸ್ ಎಂಬ ಸಹಕಾರ ಸಂಘದ ಮೂಲಕ ಮಾರಿ ನಾಲ್ಕು ಕಾಸು ಕಾಣುತ್ತಿದ್ದರು. ವನ್ಯಜೀವಿ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿಯ ಬಳಿಕ ಅದಕ್ಕೂ ತಡೆ ಬಿತ್ತು. ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೋಗುವುದು ಅನೇಕರಿಗೆ ಅನಿವಾರ್ಯವಾಯಿತು. ಈ ನಡುವೆ, 1981ರಲ್ಲಿ ಡಾ. ಎಚ್. ಸುದರ್ಶನ್ ಅವರು ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಶಾಲೆ, ಆಸ್ಪತ್ರೆಗಳಿಂದ ಅಕ್ಷರ ಬಲ್ಲ ಒಂದು ಪೀಳಿಗೆ ಬೆಳೆದು ಬಂದಿತು. ಮುಂದಿನ ಕಥೆಗೆ ಇದೇ ಆಧಾರ.

ಕಾಡಿನಿಂದ ಹೊರಬಿದ್ದುದು ಜನರಷ್ಟೇ ಅಲ್ಲ, ಅವರ ಬೆಂಕಿಯೂ ಹೌದು. ಬೇಸಗೆ ಕಾಲಿಡುವ ಮುನ್ನ ಉದುರಿದ ಎಲೆಗೆ ಮಾತ್ರ ತಗಲುವಂತೆ ಸೋಲಿಗರು ಹಚ್ಚುತ್ತಿದ್ದುದು ತರಗು ಬೆಂಕಿ. ಅದು ನೆಲಮಟ್ಟದಲ್ಲಿ ಹರಿದು ಆರಿಹೋಗುತ್ತಿತ್ತು. ಅದು ನಿಂತ ಮೇಲೆ ನೆಲ್ಲಿಮರಗಳನ್ನು ಉಪ್ಪಿಲು ಎಂಬ ಬಂದಳಿಕೆ ಹಿಂಡತೊಡಗಿತೆಂದೂ, ಲಂಟಾನದ ಪೊದೆ ಹುಲ್ಲನ್ನು ನುಂಗಿತೆಂದೂ ಪೋಡಿನ ಹಿರಿಯರು ಹೇಳುತ್ತಾರೆ. ಸಂಶೋಧಕರು ಗುರುತು ಹಾಕಿ ಪರಿಶೀಲಿಸಿದ ಕಾಡಿನ ತುಣುಕುಗಳಲ್ಲಿ ಲಂಟಾನವಿದ್ದವು 1997ರಲ್ಲಿ ನೂರಕ್ಕೆ 41, 2008ರಲ್ಲಿ 81. ಹನ್ನೊಂದೇ ವರ್ಷ. ಬೆಂಕಿ ನಿಂತದ್ದೇ ಇದಕ್ಕೆ ಕಾರಣವೆಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವುದು ಅವಸರವಾದೀತು. ಒಣಗಿದ ಲಂಟಾನಕ್ಕೆ ಇಂದು ಕಿಡಿ ಬಿದ್ದರೆ ಅದು ತರಗು ಬೆಂಕಿಯಾಗಿ ಉಳಿಯುವುದೂ ಇಲ್ಲ. ಆದರೂ ನೆಲವನ್ನು ದಿನವೂ ಮೆಟ್ಟಿ ಬಲ್ಲವರನ್ನು ಕೇಳದೆ ನೆಲದ ಯೋಗಕ್ಷೇಮವನ್ನು ನಿರ್ಧರಿಸಿದುದು ಜಾಣತನವೆಂದು ಯಾರೂ ಹೇಳಲಾರರು.

2006ರ ಡಿಸೆಂಬರಿನಲ್ಲಿ ಸಂಸತ್ತು ಅರಣ್ಯ ಹಕ್ಕು ಕಾಯಿದೆಯನ್ನು ಅಂಗೀಕರಿಸಿತು. 2007ರ ಕೊನೆಯಲ್ಲಿ ಅದು ಜಾರಿಗೆ ಬಂದಿತು. ಹಕ್ಕನ್ನು ಸಾಧಿಸಲು ಸಾಕ್ಷ್ಯ ಬೇಕು. ಸೋಲಿಗರಲ್ಲಿ ಉತಾರವೆಲ್ಲಿಂದ ಬರಬೇಕು? ಇದ್ದುದು ಎಲ್ಲೆ ಮಾತ್ರ. ಸೋಲಿಗರೇ ಆದ ಸಿ. ಮಾದೇಗೌಡ ಮತ್ತು ಏಟ್ರೀ ಸಂಸ್ಥೆಯ ಸಂಶೋಧಕರು ಪೋಡುಗಳ ಹಿರಿಯರೊಡನೆ ಕಾಡು ತಿರುಗಿ, ಐನೂರಕ್ಕೆ ಹತ್ತಿರದಷ್ಟು ಪವಿತ್ರ ನೆಲೆಗಳನ್ನು ಒಂದೊಂದಾಗಿ ನಕ್ಷೆಗೆ ಏರಿಸಿದರು. ಹೆಸರು ಹೇಳುವವನು ಮುದುಕ, ಉಪಗ್ರಹದ ಅಂಕೆ ಬರೆದುಕೊಳ್ಳುವವನು ತರುಣ; ಹೀಗೆ ಅಜ್ಜಿಯರ ಬಾಯಲ್ಲಿದ್ದ ಚಕ್ಕುಬಂದಿ ಕಾಗದಕ್ಕೆ ಬಂದಿತು. 2011ರ ಜನವರಿಯಲ್ಲಿ ಬೆಟ್ಟವು ಹುಲಿ ಸಂರಕ್ಷಿತ ಪ್ರದೇಶವಾದಾಗ ಎಲ್ಲವೂ ಮುಗಿದಂತೆ ಕಂಡಿತ್ತು. ಅದೇ ವರ್ಷದ ಅಕ್ಟೋಬರ್ 2ರಂದು, ಗಾಂಧೀ ಜಯಂತಿಯ ದಿನ, 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂತಹ ಹಕ್ಕು ದೊರೆತುದು ಭಾರತದಲ್ಲಿ ಅದೇ ಮೊದಲು ಎನ್ನುತ್ತಾರೆ.

ಸಾಗುವಳಿಯ ನೆಲಕ್ಕೆ ಈ ಕಾಯಿದೆ ಕೊಡುವ ಹಕ್ಕಿನ ಸ್ವರೂಪವನ್ನು ಗಮನಿಸಬೇಕು. 2005ರ ಡಿಸೆಂಬರ್ 13ಕ್ಕೆ ಮುಂಚೆ ಉಳುತ್ತಿದ್ದ ನೆಲಕ್ಕೆ, ಹೆಚ್ಚೆಂದರೆ ನಾಲ್ಕು ಹೆಕ್ಟೇರಿನವರೆಗೆ, ಹಕ್ಕುಂಟು. ಮಕ್ಕಳಿಗೆ ಅದು ಬರುತ್ತದೆ, ಪರಭಾರೆ ಮಾಡುವಂತಿಲ್ಲ. ಮದುವೆಯಾದವರಾದರೆ ಗಂಡಹೆಂಡಿರಿಬ್ಬರ ಹೆಸರಿನಲ್ಲಿಯೂ ಜಂಟಿಯಾಗಿ ನೋಂದಾಯಿಸತಕ್ಕದ್ದು. ಬಯಲಿನ ಊರುಗಳಲ್ಲಿ ಹೊಲದ ಉತಾರದಲ್ಲಿ ಮನೆಯೊಡತಿಯ ಹೆಸರು ಕಾಣುವುದು ಎಷ್ಟು ಅಪರೂಪವೆಂದು ಬಲ್ಲ ವಾಚಕಿಯರು ಇದನ್ನು ಓದಿ ಸುಮ್ಮನಿರಲಾರರು. ಮಾರಲು ಬಾರದ ಆಸ್ತಿ ಎಂಥ ಆಸ್ತಿ ಎಂದು ಜಲನಗರದ ಗೃಹಸ್ಥನು ಕೇಳಿದರೆ ಅದೂ ಸಹಜವೇ. ಅಡವಿಟ್ಟು ಸಾಲ ತರಲಾಗದು, ಮಗಳ ಮದುವೆಗೆ ತುಂಡು ಕೊಡಲಾಗದು. ಆದರೆ ಮಾರಲಾಗದ್ದನ್ನು ಮೋಸದಿಂದ ಬರೆಸಿಕೊಳ್ಳುವುದೂ ಕಷ್ಟ. ಬೆಟ್ಟದ ಅಂಚಿನಲ್ಲಿ ವಿಶ್ರಾಂತಿಗೃಹ ಕಟ್ಟಲು ನೆಲ ಹುಡುಕುವವರಿರುವ ಈ ಕಾಲದಲ್ಲಿ ಅದು ಸಣ್ಣ ರಕ್ಷಣೆಯಲ್ಲ.

ಇಂತಹ ವ್ಯಾಜ್ಯ ಸೋಲಿಗರದೊಂದೇ ಅಲ್ಲ. ಕಡಲಾಚೆಯ ಇಂಡೋನೇಷ್ಯದ ದಟ್ಟ ಕಾಡುಗಳಲ್ಲಿ ಹಿರಿಯರಿಂದ ಬಂದ ಕಟ್ಟಳೆಗೆ ಅದಾತ್ ಎನ್ನುತ್ತಾರೆ. ಕಾಡು ವ್ಯಕ್ತಿಯದಲ್ಲ, ಕುಲದ್ದು. 1999ರ ಅಲ್ಲಿನ ಅರಣ್ಯ ಕಾಯಿದೆ ಅದಾತ್ ಕಾಡನ್ನು ಅದಾತ್ ಜನರ ನೆಲೆಯಲ್ಲಿರುವ ಸರ್ಕಾರಿ ಕಾಡು ಎಂದು ಕರೆದಿತ್ತು. 2013ರಲ್ಲಿ ಆ ದೇಶದ ಸಂವಿಧಾನ ನ್ಯಾಯಾಲಯ ಆ ವ್ಯಾಖ್ಯೆಯಿಂದ ಸರ್ಕಾರಿ ಎಂಬ ಒಂದು ಪದವನ್ನು ಹೊಡೆದುಹಾಕಿತು. ಒಂದೇ ಪದ! ಆದರೂ ಮೊದಲ ಒಂಬತ್ತು ಸಮುದಾಯಗಳಿಗೆ ಮನ್ನಣೆಯ ಪತ್ರ ದೊರೆಯಲು 2016ರ ಡಿಸೆಂಬರ್ ತನಕ ಕಾಯಬೇಕಾಯಿತು. ಅವರಲ್ಲಿ ಸುಲಾವೇಸಿ ದ್ವೀಪದ ಕಾಜಾಂಗ್ ಜನರೂ ಇದ್ದರು. ಕಪ್ಪು ಉಡುಪನ್ನೇ ಉಡುವ, ಕಾಡನ್ನು ದೇವರಂತೆ ಕಾಯುವ ಜನ ಅವರು.

ಬಿಳಿಗಿರಿಯಲ್ಲಿ ಪತ್ರ ಸಿಕ್ಕಿದೆ. ಕಾಡನ್ನು ನಡೆಸುವ ಮಾತು ಇನ್ನೂ ನಡೆಯುತ್ತಲೇ ಇದೆ. ಜೇನು, ನೆಲ್ಲಿ, ಕಲ್ಲುಹೂ ತರುವ ಹಕ್ಕನ್ನು ಕಾಯಿದೆ ಒಪ್ಪಿದೆ. ತರಗು ಬೆಂಕಿಯನ್ನು ಅರಣ್ಯದ ನಿಯಮ ಒಪ್ಪಿಲ್ಲ. ಪೋಡಿನ ಅಂಚಿನಲ್ಲಿ ಮರದ ನೆರಳಿಗೆ ಕಾಫಿ ಗಿಡ ಹಾಕಿದವರಿದ್ದಾರೆ, ಕಾಲೇಜು ಓದಿ ನಗರ ಸೇರಿದವರಿದ್ದಾರೆ. ನೆರೆಯ ಮಲೆ ಮಹದೇಶ್ವರ ಬೆಟ್ಟದಲ್ಲಿ ಲಂಟಾನದ ಕಡ್ಡಿಯನ್ನು ಬೇಯಿಸಿ, ಸಿಪ್ಪೆ ಸುಲಿದು, ಬೆತ್ತದಂತೆ ಬಾಗಿಸಿ ಕುರ್ಚಿ ಮಾಡುವ ಕಸಬನ್ನೂ ಕೆಲವರು ಕಲಿತಿದ್ದಾರೆ. ಎಷ್ಟು ಕುರ್ಚಿ ಮಾಡಿದರೂ ಆ ಪೊದೆ ಮುಗಿಯುವಂತಿಲ್ಲ. ಎಲ್ಲೆಯ ಅಬ್ಬಿಗೆ ಹೋಗುವ ಕಾಲುದಾರಿಗಳನ್ನು ಅದು ಮುಚ್ಚಿದ ಕಡೆ, ರೊಟ್ಟಿ ಹಬ್ಬಕ್ಕೆ ಮುನ್ನ ಪೋಡಿನವರು ಮಚ್ಚು ಹಿಡಿದು ಹೋಗಿ ದಾರಿ ಬಿಡಿಸಬೇಕು.